ಸಹಾಯ ಬೇಕು: ಮಂಗಳೂರು, ಮಣಿಪಾಲದ ಕಡೆ ಯಾರ ಲ್ಯಾಬ್‌ನಲ್ಲಾದರೂ ಬಿಡಿಎನ್‌ಎಫ್ (ನ್ಯೂರಾನ್‌ಗಳು ಬದುಕಿ ಬೆಳೆಯಲು ನೆರವಾಗುವ ಪ್ರೋಟೀನ್) ಇದೆಯಾ?

ಎಲ್ಲರಿಗೂ ನಮಸ್ಕಾರ. ನನ್ನ ಊರು ಬದಿಯಡ್ಕ, ಕಾಸರಗೋಡಿನಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಭಾಗದಿಂದ ತೆಗೆದ ನ್ಯೂರಾನ್‌ಗಳನ್ನು ಬೆಳೆಸುತ್ತಿದ್ದೇನೆ. ಅವಕ್ಕೆ ಕೊಡಲು ಇಲಿಯ ರಿಕಾಂಬಿನೆಂಟ್ (ಜೀನ್ ಬಳಸಿ ಲ್ಯಾಬ್‌ನಲ್ಲಿ ತಯಾರಿಸಿದ) ಬಿಡಿಎನ್‌ಎಫ್ ತುರ್ತಾಗಿ ಬೇಕು. ಆರ್ಡರ್ ಹಾಕಿದ ವಯಲ್ ಬರುವುದು ತಡವಂತೆ. ಕಲ್ಚರ್ ಅಲ್ಲಿವರೆಗೆ ಕಾಯುವುದಿಲ್ಲ ಅಲ್ವಾ?

10 ಮೈಕ್ರೋಗ್ರಾಂ ಸಾಕು. ಮನುಷ್ಯರ ಬಿಡಿಎನ್‌ಎಫ್ ಇದ್ದರೂ ಆಗುತ್ತದೆ, ಎರಡರಲ್ಲೂ ಮೆಚ್ಯೂರ್ ಪ್ರೋಟೀನಿನ 119 ಅಮೈನೋ ಆಮ್ಲಗಳ ಸಾಲು ಒಂದೇ. ಪ್ರೋ-ಬಿಡಿಎನ್‌ಎಫ್ (ಮೆಚ್ಯೂರ್ ಆಗುವ ಮೊದಲಿನ ರೂಪ) ಮಾತ್ರ ಬೇಡ. ನನಗೆ ಬೇಕಾದ್ದು ನ್ಯೂರಾನ್ ಮೇಲಿನ ಟ್ರ್ಕ್‌ಬಿ (TrkB) ರಿಸೆಪ್ಟರ್ ಕೆಲಸ, ಪ್ರೋ-ಬಿಡಿಎನ್‌ಎಫ್ ಹೆಚ್ಚಾಗಿ ಪಿ75 ಎಂಬ ಬೇರೆ ರಿಸೆಪ್ಟರ್ ಅನ್ನು ಹಿಡಿಯುತ್ತದೆ.

ತೆರೆಯದ ವಯಲ್ ಆದರೆ ತುಂಬಾ ಒಳ್ಳೆಯದು. ಸುಮ್ನೆ ಮುಚ್ಚಳ ತೆಗೆದು ನೋಡಬೇಡಿ. ಪುಡಿ ಕಣ್ಣಿಗೇ ಕಾಣುವುದಿಲ್ಲ, ಮುಚ್ಚಳದ ಒಳಗೂ ಅಂಟಿರಬಹುದು, ಸೆಂಟ್ರಿಫ್ಯೂಜ್‌ನಲ್ಲಿ ಸ್ಪಿನ್ ಮಾಡಿ ಕೆಳಗಿಳಿಸಿಯೇ ತೆರೆಯಬೇಕು. ಕರಗಿಸಿಟ್ಟದ್ದಾದರೆ, ಎಷ್ಟು ಸಲ ಫ್ರೀಜ್ ಮಾಡಿ ಹೊರಗೆ ತೆಗೆದಿದ್ದೀರಿ, 0.1% ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನ್) ಹಾಕಿದ್ದೀರಾ ಅಂತ ತಿಳಿಸಿ. ಬಿಎಸ್‌ಎ ಇಲ್ಲದಿದ್ದರೆ ಇಷ್ಟು ಕಡಿಮೆ ಪ್ರೋಟೀನ್ ಟ್ಯೂಬಿನ ಗೋಡೆಗೇ ಅಂಟಿಕೊಂಡುಬಿಡುತ್ತದೆ.

ಐಸ್ ಬಾಕ್ಸ್ ಹಿಡಿದು ಬೆಳಗ್ಗಿನ ರೈಲಿಗೆ ನಾನೇ ಬರುತ್ತೇನೆ, ಗೈಡ್ ಪತ್ರವೂ ತರುತ್ತೇನೆ. ನಮ್ಮದು ಬಂದ ಕೂಡಲೇ ಹೊಸ ವಯಲ್ ವಾಪಸ್ ಕೊಡುತ್ತೇನೆ. ಇದ್ದವರು ದಯವಿಟ್ಟು ಮೆಸೇಜ್ ಮಾಡಿ.