ಹಳೇ ಪೆಟ್ರೋಲ್ ಕಾರಿನ ಇಸಿಎಂ (ಇಂಜಿನ್ ಕಂಪ್ಯೂಟರ್) ಹೋಗಿದೆ ಅಂತಾರೆ, ಸೆಕೆಂಡ್ ಹ್ಯಾಂಡ್ ಹಾಕಿಸಬಹುದಾ? (ಕಲಬುರಗಿ)

ಸೇಡಂರೋಡ್_ಕೆಎ32

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾರು, 2005ರ ಮಾಡೆಲ್, 1.1 ಲೀಟರ್ ಪೆಟ್ರೋಲ್, ಎಂಪಿಎಫ್‌ಐ. ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಆಗಿದೆ, ಹಾಗಾಗಿ ಗುಜರಿಗೆ ಹಾಕೋಣ ಅನ್ನುವ ಮಾತು ಮನೆಯಲ್ಲಿ ಎತ್ತುವ ಹಾಗೇ ಇಲ್ಲ.

ತೊಂದರೆ ಏನಂದ್ರೆ, ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ಹೋಗಿ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮುಗೀತು. ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯಲ್ಲ. ಸಂಜೆ ತಂಪಾದ ಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಗುತ್ತದೆ. ಕೈ ಕೊಟ್ಟಾಗ ಕೀ ಆನ್ ಮಾಡಿದರೆ ಚೆಕ್ ಇಂಜಿನ್ ಲೈಟೂ ಬರುವುದಿಲ್ಲ.

ಗ್ಯಾರೇಜ್‌ನವರು ಪ್ಲಗ್, ಫ್ಯುಯೆಲ್ ಪಂಪ್ ಎಲ್ಲ ನೋಡಿದರು. ಆಮೇಲೆ ಮೊಬೈಲ್‌ಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಹಾಕಿದರು, ಕನೆಕ್ಟ್ ಆಗಲಿಲ್ಲ, "ಕಂಪ್ಯೂಟರ್ ಸತ್ತಿದೆ" ಅಂದರು. ಹೊಸದು ಈ ಮಾಡೆಲ್‌ಗೆ ಬರಲ್ಲವಂತೆ. ಹೈದರಾಬಾದ್‌ನಿಂದ ಹಳೇದು ತರಿಸಿ ಕೊಡ್ತಾರಂತೆ, 14 ಸಾವಿರ, ವಾಪಸ್ ತಗೊಳ್ಳಲ್ಲ. ಅದನ್ನು ತಂದು ಸಾಕೆಟ್‌ಗೆ ಚುಚ್ಚಿದರೆ ಸಾಕಾ? ಕೀ ಏನಾದರೂ ಬದಲಾಯಿಸಬೇಕಾ?

ಹುಮನಾಬಾದ್_ಹೈವೇ

14 ಸಾವಿರ, ಅದೂ ವಾಪಸ್ ಇಲ್ಲ! ಸುಮ್ನೆ ಕೊಡಬೇಡಿ. ಆ ಸಣ್ಣ ಬ್ಲೂಟೂತ್ ಡಬ್ಬಿ ಕನೆಕ್ಟ್ ಆಗಲಿಲ್ಲ ಅಂದ ಮಾತ್ರಕ್ಕೆ ಇಸಿಎಂ ಸತ್ತಿದೆ ಅಂತ ಅಲ್ಲ. ನಮ್ಮಲ್ಲಿ ಒಬಿಡಿ-2 (ಸ್ಕ್ಯಾನರ್ ಗಾಡಿ ಜೊತೆ ಮಾತಾಡುವ ಸಾಮಾನ್ಯ ಪದ್ಧತಿ) ಕಡ್ಡಾಯ ಆಗಿದ್ದೇ 2013ರಲ್ಲಿ. 2005ರ ಗಾಡಿಯಲ್ಲಿ 16 ಪಿನ್ನಿನ ಅದೇ ಸಾಕೆಟ್ ಇದ್ದರೂ ಒಳಗಿನ ಭಾಷೆ ಕಂಪನಿಯದೇ ಇರಬಹುದು. ಗಾಡಿ ಸರಿಯಾಗಿ ಓಡುವಾಗ ಅದೇ ಡಬ್ಬಿ ಹಾಕಿ ನೋಡಿ. ಆಗಲೂ ಕನೆಕ್ಟ್ ಆಗದಿದ್ದರೆ ಆ ಟೆಸ್ಟ್‌ಗೆ ಬೆಲೆಯೇ ಇಲ್ಲ.

ವೈರಿಂಗ್_ಕಾಕಾ_ಬೀದರ್

ಮೇಲಿನವರು ಹೇಳಿದ್ದು ಸರಿ. ಆದರೆ ಚೆಕ್ ಇಂಜಿನ್ ಲೈಟ್ ಬರುವುದಿಲ್ಲ ಅಂದಿರಲ್ಲ, ಅದು ಒಳ್ಳೆ ಸುಳಿವು ತಮ್ಮಾ. ಆ ಲೈಟಿಗೆ ಅರ್ಥಿಂಗ್ ಕೊಡುವುದೇ ಇಸಿಎಂ. ಲೈಟ್ ಬರಲಿಲ್ಲ ಅಂದ್ರೆ ಒಂದೋ ಇಸಿಎಂಗೆ ಕರೆಂಟ್ ಬರುತ್ತಿಲ್ಲ, ಇಲ್ಲಾ ಬಂದರೂ ಅದು ಎಚ್ಚರ ಆಗುತ್ತಿಲ್ಲ. ಬಲ್ಬ್ ಹೋಗಿಲ್ಲ ತಾನೇ? ಬೆಳಿಗ್ಗೆ ಬರುತ್ತದೆ ಅಂದ್ರೆ ಹೋಗಿಲ್ಲ.

ಇಂಥ ಕೇಸಲ್ಲಿ ಇಸಿಎಂ ಹೆಸರು ಕೊನೆಗೆ ತೆಗೀಬೇಕು. ಮೊದಲು ಮೇನ್ ರಿಲೇ, ಅಂದ್ರೆ ಇಸಿಎಂಗೆ ಕರೆಂಟ್ ಕೊಡುವ ಸ್ವಿಚ್. ಬಿಸಿಲಿಗೆ ಕಾದು ಕೈ ಕೊಡುವ, ತಂಪಾದ ಮೇಲೆ ಕೂಡುವ ಬುದ್ಧಿ ಹಳೇ ರಿಲೇಗೂ ಇರುತ್ತದೆ. ಪಕ್ಕದ್ದು ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲ.

ಅದಾದ ಮೇಲೂ ಹಾಗೇ ಇದ್ದರೆ ಮಲ್ಟಿಮೀಟರ್ ತಗೊಳ್ಳಿ. ಆದರೆ ಗಾಡಿ ಕೈ ಕೊಟ್ಟಿರುವಾಗಲೇ ಅಳೆಯಬೇಕು. ಬೆಳಿಗ್ಗೆ ತಂಪಲ್ಲಿ ಅಳೆದರೆ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತದೆ, ಕತ್ತಲಲ್ಲಿ ಕಲ್ಲು ಹೊಡೆದಂತೆ. ಇಸಿಎಂ ಸಾಕೆಟ್ ಹಿಂದಿನಿಂದ ವೈರ್ ಪಕ್ಕ ಸಣ್ಣ ಸೂಜಿ ಬಿಟ್ಟು, ಕೀ ಆನ್ ಇಟ್ಟು, ಬ್ಯಾಟರಿ ಸಪ್ಲೈ ಎಲ್ಲ ಪಿನ್ನಲ್ಲೂ 12 ವೋಲ್ಟ್ ಇದೆಯಾ ನೋಡಿ. ಆಮೇಲೆ ಅರ್ಥ್. ಮೀಟರನ್ನು ಓಮ್ (ರೆಸಿಸ್ಟೆನ್ಸ್) ಮೇಲೆ ಇಟ್ಟು ನೋಡಬೇಡಿ, ಅದು ಮೋಸ ಮಾಡುತ್ತದೆ. ಮೀಟರಿನ ಒಂದು ತುದಿ ಇಸಿಎಂ ಅರ್ಥ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ, ಒಬ್ಬರು ಸೆಲ್ಫ್ ಹೊಡೆಯಲಿ. 0.1 ವೋಲ್ಟ್ ಒಳಗಿರಬೇಕು. ಜಾಸ್ತಿ ಬಂದರೆ ಇಂಜಿನ್ ಮೇಲಿನ ಅರ್ಥ್ ಬೋಲ್ಟ್ ಬಿಚ್ಚಿ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ.

ಇದೂ ಸರಿ ಇದ್ದರೆ ಥ್ರಾಟಲ್ ಸೆನ್ಸರ್ ಸಾಕೆಟ್ ತೆಗೆದು 5 ವೋಲ್ಟ್ ಬರುತ್ತಿದೆಯಾ ನೋಡಿ. ಆ 5 ವೋಲ್ಟ್ ಇಸಿಎಂ ಒಳಗೇ ತಯಾರಾಗುವುದು. ಬರಲಿಲ್ಲ ಅಂತ ತಕ್ಷಣ ಇಸಿಎಂ ಮೇಲೆ ಹಾಕಬೇಡಿ. ಮ್ಯಾಪ್ (ಗಾಳಿಯ ಒತ್ತಡ ಅಳೆಯುವ) ಸೆನ್ಸರೋ ಮತ್ತೊಂದೋ ಒಳಗೆ ಶಾರ್ಟ್ ಆಗಿದ್ದರೆ ಅದು ಇಡೀ 5 ವೋಲ್ಟ್ ಲೈನನ್ನು ಕೆಳಗೆ ಎಳೆಯುತ್ತದೆ. ಒಂದೊಂದೇ ಸೆನ್ಸರ್ ಬಿಚ್ಚುತ್ತಾ ಬನ್ನಿ. ಯಾವುದು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಬರದಿದ್ದರೆ, ವೈರ್ ಎಲ್ಲೂ ಗಾಡಿಯ ಬಾಡಿಗೆ ತಾಗಿಲ್ಲ ಅಂದ್ರೆ, ಆಗ ಇಸಿಎಂ ಅನ್ನಿ.

ಯಾದಗಿರಿ_ಪೆಟ್ರೋಲ್

ಕೀ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಿಮ್ಮ ಗಾಡಿಯಲ್ಲಿ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ಇದ್ದರೆ ಬರೀ ಚುಚ್ಚಿದರೆ ಆಗಲ್ಲ. ಕೀ ತಲೆಯೊಳಗೆ ಸಣ್ಣ ಚಿಪ್ ಇರುತ್ತದೆ, ಇಗ್ನಿಷನ್ ಲಾಕ್ ಸುತ್ತ ಇರುವ ಕಾಯಿಲ್ ಅದನ್ನು ಓದುತ್ತದೆ, ಅದರ ಕೋಡ್ ಇಸಿಎಂ ಜೊತೆ ಕೂಡಬೇಕು. ಬೇರೆ ಗಾಡಿಯ ಇಸಿಎಂಗೆ ನಿಮ್ಮ ಕೀ ಪರಿಚಯ ಇಲ್ಲ. ಸೆಲ್ಫ್ ತಿರುಗಿದರೂ ಇಂಜಿನ್ ಹಿಡಿಯಲ್ಲ, ಇಲ್ಲಾ ಒಂದು ಕ್ಷಣ ಹಿಡಿದು ಆಫ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ತರುವುದಾದರೆ ಎರಡು ದಾರಿ. ಅದೇ ಗಾಡಿಯ ಇಸಿಎಂ, ಇಮ್ಮೊಬಿಲೈಸರ್ ಡಬ್ಬಿ, ಕೀ ಚಿಪ್ ಮೂರೂ ಸೆಟ್ ತರಬೇಕು. ಇಲ್ಲಾಂದ್ರೆ ನಿಮ್ಮ ಹಳೇ ಇಸಿಎಂನ ಮೆಮೊರಿ ಐಸಿಯಲ್ಲಿರುವ ಡೇಟಾ ಓದಿಸಿ ತಂದ ಇಸಿಎಂಗೆ ಕಾಪಿ ಮಾಡಿಸಬೇಕು. ಅದಕ್ಕೇ ಹೇಳುವುದು, ಹಳೇ ಡಬ್ಬಿಯನ್ನು ಯಾವ ಕಾರಣಕ್ಕೂ "ಎಕ್ಸ್‌ಚೇಂಜ್" ಅಂತ ಅಲ್ಲಿ ಬಿಟ್ಟು ಬರಬೇಡಿ. ಸ್ಟಿಕರ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಡಬ್ಬಿ ಒಂದೇ ಥರ ಕಂಡರೂ ಒಳಗಿನ ಪ್ರೋಗ್ರಾಂ ಬೇರೆ ಇರುತ್ತದೆ.

ಕೆಲವರು ಇಮ್ಮೊಬಿಲೈಸರನ್ನೇ ಬಂದ್ ಮಾಡಿಕೊಡ್ತೀವಿ ಅಂತಾರೆ. ಆಮೇಲೆ ಕಳ್ಳ ಬಂದು ಎರಡು ವೈರ್ ಕೂಡಿಸಿದರೂ ಗಾಡಿ ಹೋಗುತ್ತದೆ. ನಾನಾದರೆ ಬೇಡ ಅಂತೀನಿ.

ಸೇಡಂರೋಡ್_ಕೆಎ32

ಕಾಕಾ, ನೀವು ಹೇಳಿದ ಹಾಗೇ ಮಾಡಿದೆವು. ನಮ್ಮ ಓಣಿಯಲ್ಲಿ ಇನ್ವರ್ಟರ್ ರಿಪೇರಿ ಮಾಡುವ ಅಣ್ಣ ಮೀಟರ್ ತಗೊಂಡು ಬಂದರು. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ, ಅದು ಕೈ ಕೊಡಲಿ ಅಂತ ಇಬ್ಬರೂ ಬೇವಿನ ನೆರಳಲ್ಲಿ ಕೂತೆವು (ಇಂಥ ದಿನವೂ ಬರುತ್ತೆ ಅಂದ್ಕೊಂಡಿರಲಿಲ್ಲ). ರಿಲೇ ಬದಲಿಸಿದರೂ ಹಾಗೇ. ಸಪ್ಲೈ 12.3 ಇದೆ, ಅರ್ಥ್ ಸೆಲ್ಫ್ ಹೊಡೆಯುವಾಗ 0.03. ಥ್ರಾಟಲ್ ಸೆನ್ಸರ್ ಹತ್ತಿರ 5 ವೋಲ್ಟ್ ಬದಲು ಸೊನ್ನೆ, ಎಲ್ಲ ಸೆನ್ಸರ್ ಬಿಚ್ಚಿದರೂ ಸೊನ್ನೆ. ವೈರ್ ಎಲ್ಲೂ ಬಾಡಿಗೆ ತಾಗಿಲ್ಲ. ಇಸಿಎಂ ಮೇಲೆ ಒದ್ದೆ ಬಟ್ಟೆ ಹಾಕಿ ತಂಪು ಮಾಡಿದ ಮೇಲೆ 5 ವೋಲ್ಟ್ ಬಂತು, ಲೈಟೂ ಬಂತು, ಗಾಡಿ ಸ್ಟಾರ್ಟ್!

ಅಣ್ಣ ಬ್ಯಾಟರಿ ನೆಗೆಟಿವ್ ತೆಗೆದು, ಡಬ್ಬಿ ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿದರು. ದಪ್ಪ ಮೂರು ಕಾಲಿನ ಒಂದು ಐಸಿ ಇದೆ, ಅದರ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ದುಂಡನೆ ಕಪ್ಪು ಗೆರೆ. ಬೆರಳಲ್ಲಿ ಒತ್ತಿದರೆ ಕಾಲು ಅಲುಗುತ್ತದೆ. ಬೆಸುಗೆ ಹಾಕಲಾ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ವೈರಿಂಗ್_ಕಾಕಾ_ಬೀದರ್

ಒದ್ದೆ ಬಟ್ಟೆ ಇನ್ನೊಮ್ಮೆ ಹಾಕಬೇಡಿ ಮಾರಾಯ್ರೇ, ನೀರು ಒಳಗೆ ಹೋದರೆ ಇರುವ ಇಸಿಎಂ ಕೂಡ ಹೋಗುತ್ತದೆ.

ಅಣ್ಣ ಹಾಕಲಿ, ಕೈ ಪಳಗಿದೆ ಅನ್ನಿಸುತ್ತದೆ. ಅದು 5 ವೋಲ್ಟ್ ಕೊಡುವ ರೆಗ್ಯುಲೇಟರೇ ಇರಬೇಕು. ಕಾದಾಗ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣ್ಣಗಾದಾಗ ಕೂಡುತ್ತದೆ. ಹಳೇ ಸೀಸ ಪೂರ್ತಿ ಎಳೆದು ತೆಗೆದು, ಫ್ಲಕ್ಸ್ ಹಚ್ಚಿ ಹೊಸದು ಹಾಕಲು ಹೇಳಿ. ಮೇಲೆ ಮೇಲೆ ಸುರಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಇದೇ ಗತಿ. ಅದೇ ಕೈಯಲ್ಲಿ ಇಗ್ನಿಷನ್ ಕಾಯಿಲ್‌ನ ಡ್ರೈವರ್ ಟ್ರಾನ್ಸಿಸ್ಟರ್ ಕಾಲುಗಳೂ, ಸಾಕೆಟ್ ಪಿನ್ನಿನ ಬೆಸುಗೆಯೂ ನೋಡಿಬಿಡಲಿ, ಅಲ್ಲೂ ಇದೇ ಬಿರುಕು ಬರುವುದು ಸಾಮಾನ್ಯ. ಕೆಲಸ ಮುಗಿದ ಮೇಲೆ ಬೋರ್ಡ್ ಮೇಲೆ ವಾರ್ನಿಷ್ ಕೋಟ್ ಇರಲಿ.

ಗಾಡಿ ಸ್ಟಾರ್ಟ್ ಆದ ಮೇಲೆ ಚಾರ್ಜಿಂಗ್ ಕೂಡ ಅಳೆಯಿರಿ. 13.8ರಿಂದ 14.5 ಒಳಗಿದ್ದರೆ ಸರಿ. 15 ದಾಟುತ್ತಿದ್ದರೆ ಆಲ್ಟರ್ನೇಟರ್ ರಿಪೇರಿ ಮೊದಲು, ಇಲ್ಲಾಂದ್ರೆ ಯಾವ ಇಸಿಎಂ ಹಾಕಿದರೂ ಉಳಿಯಲ್ಲ.

ಯಾದಗಿರಿ_ಪೆಟ್ರೋಲ್

ಡಬ್ಬಿ ಹೇಗೂ ಬಿಚ್ಚಿದೆ, ಮೆಮೊರಿ ಐಸಿ ಡೇಟಾ ಓದಿಸಿ ಪೆನ್‌ಡ್ರೈವಲ್ಲಿ ಇಟ್ಟುಕೊಳ್ಳಿ. ಮುಂದೆ ನಿಜವಾಗಿಯೂ ಹೋದರೆ ಅದೇ ನಂಬರಿನ ಯಾವ ಹಳೇ ಇಸಿಎಂಗೂ ಹಾಕಿಕೊಳ್ಳಬಹುದು, ಆಗ 14 ಸಾವಿರದ ಮಾತೇ ಬರಲ್ಲ.

ಸೇಡಂರೋಡ್_ಕೆಎ32

ಆಯ್ತು, ಅಣ್ಣನಿಗೆ ಹೇಳಿದೆ. ಸೀಸ ಎಳೆಯುವ ಪಂಪ್ ಅವರ ಹತ್ತಿರ ಇದೆಯಂತೆ. ಮೆಮೊರಿ ಓದುವ ಪ್ರೋಗ್ರಾಮರ್ ಕಲಬುರಗಿಯಲ್ಲಿ ಯಾರ ಹತ್ತಿರ ಸಿಗುತ್ತೆ? ಮೊಬೈಲ್ ರಿಪೇರಿಯವರ ಹತ್ತಿರ ಇರುವುದೇ ನಡೆಯುತ್ತಾ?

ಯಾದಗಿರಿ_ಪೆಟ್ರೋಲ್

ಲ್ಯಾಪ್‌ಟಾಪ್ ಬಯಾಸ್ ಐಸಿ (ಸ್ಟಾರ್ಟ್ ಮಾಡಿಸುವ ಪ್ರೋಗ್ರಾಂ ಇರುವ ಚಿಪ್) ರಿಪೇರಿ ಮಾಡುವವರ ಹತ್ತಿರ ಕೇಳಿ. ಐಸಿ ಮೇಲಿನ ನಂಬರ್ ಫೋಟೋ ತೆಗೆದು ತೋರಿಸಿ, ಅವರ ಪ್ರೋಗ್ರಾಮರ್ ಲಿಸ್ಟ್‌ನಲ್ಲಿ ಆ ನಂಬರ್ ಇದ್ದರೆ ನಡೆಯುತ್ತದೆ. ಓದಲು ಮಾತ್ರ ಹೇಳಿ, ಬರೆಯುವ ಬಟನ್ ಮುಟ್ಟಬಾರದು.