ಹಿತ್ತಲಲ್ಲಿ ಬುಲ್ಬುಲ್ ಗೂಡು ಕಟ್ಟಿದೆ, ಚಿತ್ರ ಬರೆಯಬೇಕು, ಆದರೆ ಹಕ್ಕಿ ನಿಲ್ಲೋದೇ ಇಲ್ಲ

ದುಂಡುಮಲ್ಲಿಗೆ (ವಿಜಯಪುರ):

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಮನೆ ಸೋಲಾಪುರ ರಸ್ತೆ ಕಡೆ. ಹಿತ್ತಲಲ್ಲಿ ಒಂದು ಲಿಂಬೆ ಗಿಡ, ಕರಿಬೇವು, ಕೆಂಪು ದಾಸವಾಳ, ಗೋಡೆಗೆ ಹಬ್ಬಿದ ಮಲ್ಲಿಗೆ ಬಳ್ಳಿ ಇವೆ. ಆ ಬಳ್ಳಿಯಲ್ಲಿ ಅಡುಗೆ ಮನೆ ಕಿಟಕಿಗೆ ನೇರವಾಗಿ ಬುಲ್ಬುಲ್ ಜೋಡಿ ಗೂಡು ಕಟ್ಟಿದೆ. ತಲೆ ಕಪ್ಪು, ಬಾಲದ ಬುಡದಲ್ಲಿ ಕೆಂಪು, ಅದೇ ಬುಲ್ಬುಲ್. ಒಣ ಹುಲ್ಲು, ಸಣ್ಣ ಬೇರು, ನಮ್ಮ ಕಸಬರಿಗೆಯಿಂದ ಉದುರಿದ ಎಳೆ ಎಲ್ಲ ಸೇರಿಸಿ, ಜೇಡರ ಬಲೆಯಿಂದ ಬಿಗಿದು, ಚಿಕ್ಕ ಬಟ್ಟಲಿನ ಹಾಗೆ ಮಾಡಿದೆ. ಕಿಟಕಿಯಿಂದ ಬಗ್ಗಿ ನೋಡಿದರೆ ಎರಡು ಮೊಟ್ಟೆ ಕಾಣುತ್ತವೆ. ತೆಳು ಗುಲಾಬಿ ಬಣ್ಣ, ಮೇಲೆಲ್ಲ ಕಂದುಗೆಂಪು ಚುಕ್ಕೆ.

ನೌಕರಿ ಮುಗಿದ ಮೇಲೆ ವಾಟರ್ ಕಲರ್ ಹಿಡಿದಿದ್ದೇನೆ. ಹೂವು, ಎಲೆ ಬರೆಯಲು ಬರುತ್ತದೆ, ಅವು ಇದ್ದಲ್ಲೇ ಇರುತ್ತವೆ. ಹಕ್ಕಿ ಹಾಗಲ್ಲ. ಪೆನ್ಸಿಲ್ ಎತ್ತುವಷ್ಟರಲ್ಲಿ ತಲೆ ಆ ಕಡೆ, ಬಾಲ ಈ ಕಡೆ. ಅದರ ಮೇಲೆ ನಮ್ಮೂರ ಬಿಸಿಲು ಬೇರೆ, ಬಣ್ಣ ಹಚ್ಚಿ ಬ್ರಷ್ ಎತ್ತುವುದರೊಳಗೆ ಒಣಗಿ ಅಂಚು ಬಿದ್ದುಬಿಡುತ್ತದೆ. ಇನ್ನೊಂದು ಅಂಜಿಕೆ ಏನಂದರೆ, ನಾನು ದಿನಾ ಕಿಟಕಿಯಲ್ಲಿ ಕೂತರೆ ತಾಯಿ ಹಕ್ಕಿ ಗೂಡು ಬಿಟ್ಟು ಹೋದೀತಾ? ಚಿತ್ರಕ್ಕಿಂತ ಮರಿ ದೊಡ್ಡದು. ತಿಳಿದವರು ಹೇಳಿ.

ಆಲಮಟ್ಟಿ ಹುಡುಗ:

ಅಕ್ಕಾರೆ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಬೇಕಾದಲ್ಲಿ ನಿಲ್ಲಿಸಿ ನೋಡಿ ಬರೆಯಿರಿ. ಸುಮ್ನೆ ಯಾಕೆ ಇಷ್ಟು ತ್ರಾಸು?

ಕುಂಚ (ಬಾಗಲಕೋಟೆ):

ತಮ್ಮಾ, ವಿಡಿಯೋ ಬೇಡ ಅನ್ನುವುದಿಲ್ಲ, ಕೊಕ್ಕು ಎಷ್ಟು ಉದ್ದ, ಕಾಲು ಎಲ್ಲಿ ಬರುತ್ತದೆ ಅಂತ ತಾಳೆ ನೋಡಲು ಅದು ಒಳ್ಳೆಯದೇ. ಆದರೆ ಅಕ್ಕಾರಿಗೆ ಎದುರಿಗೇ ಹಕ್ಕಿ ಇದೆ. ಎದುರಿಗಿದ್ದದ್ದನ್ನು ಬಿಟ್ಟು ಪರದೆ ನೋಡಿ ಬರೆಯುವುದು ನನಗೆ ಒಪ್ಪಿಗೆ ಇಲ್ಲ. ಪರದೆಯಲ್ಲಿ ಗರಿ ಎಲ್ಲ ಕಾಣುತ್ತದೆ, ಹಕ್ಕಿಯ ಭಾರ ಎತ್ತ ಕಡೆ ಇದೆ ಅನ್ನುವುದು ಕಾಣುವುದಿಲ್ಲ.

ಅಕ್ಕಾರೆ, ನಾನು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ನನಗೆ ತಿಳಿದದ್ದು ಹೇಳುತ್ತೇನೆ. ಮೊದಲು ಹಕ್ಕಿಯನ್ನು ಬಿಟ್ಟುಬಿಡಿ. ಗೂಡು, ಬಳ್ಳಿ, ಹಿಂದಿನ ಗೋಡೆ ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಇಟ್ಟುಕೊಳ್ಳಿ. ಅವು ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ಬೇರೆ ಒಂದು ಹಾಳೆ ತೆಗೆದುಕೊಂಡು ಅದರಲ್ಲಿ ಬರೀ ಹಕ್ಕಿ ಬರೆಯಿರಿ. ಒಂದು ನಿಲುವು ಅರ್ಧ ಆಗುವಷ್ಟರಲ್ಲಿ ತಿರುಗಿತಾ? ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡಿ. ಹಕ್ಕಿ ಅದೇ ನಿಲುವಿಗೆ ಮತ್ತೆ ಬಂದೇ ಬರುತ್ತದೆ, ಯಾಕಂದರೆ ಗೂಡಿಗೆ ಬರುವ ದಾರಿ, ಕೂಡುವ ಟೊಂಗೆ, ಇಣುಕುವ ರೀತಿ ಹೆಚ್ಚು ಬದಲಾಗುವುದಿಲ್ಲ. ಬಂದಾಗ ಹಿಂದಿನ ಅರ್ಧಕ್ಕೆ ಕೈ ಹಾಕಿ. ಕಣ್ಣು, ಗರಿ ಕೊನೆಗೆ. ಮೊದಲು ಬೆನ್ನಿನ ಗೆರೆ ಎಷ್ಟು ಓರೆ ಇದೆ ಅದನ್ನು ಹಿಡಿಯಿರಿ, ಅದು ಸರಿ ಬಂದರೆ ಉಳಿದದ್ದು ತಾನಾಗಿ ಕೂಡುತ್ತದೆ.

ಮತ್ತೆ, ನಿಮ್ಮ ಹಕ್ಕಿ ಈಗ ಕಾವು ಕೂತಿದೆ ಅಲ್ವಾ? ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಗೂಡಿನ ಅಂಚಿನ ಮೇಲೆ ಬಾಲ ಎತ್ತಿಕೊಂಡು ಬಹಳ ಹೊತ್ತು ಅಲುಗದೆ ಕೂತಿರುತ್ತದೆ. ಬಿಸಿಲು ನೇರ ಬಿದ್ದಾಗ ಎದ್ದು ನಿಂತು, ರೆಕ್ಕೆ ಸ್ವಲ್ಪ ಬಿಚ್ಚಿ, ಕೊಕ್ಕು ತೆರೆದು ಮೊಟ್ಟೆಗೆ ನೆರಳು ಕೊಡುತ್ತದೆ. ಅದನ್ನು ಒಮ್ಮೆ ಬರೆದು ನೋಡಿ. ನನಗೆ ಆ ನಿಲುವು ಅಂದರೆ ಬಹಳ ಜೀವ.

ಬಣ್ಣದ ಮಾತು. ಟ್ಯೂಬಿನ ಕಪ್ಪು ಹಚ್ಚಬೇಡಿ, ತಲೆ ಸತ್ತಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಲಸಿ. ನೀಲಿ ಜಾಸ್ತಿ ಆದರೆ ತಲೆಯ ಕಪ್ಪು ಬರುತ್ತದೆ, ಕಂದು ಜಾಸ್ತಿ ಆದರೆ ಬೆನ್ನಿನ ಬಣ್ಣ ಸಿಗುತ್ತದೆ. ಬೆನ್ನಿನ ಗರಿಗಳಿಗೆ ತಿಳಿ ಅಂಚು ಇದೆ, ಅಲ್ಲಿ ಬಿಳಿ ಬಣ್ಣ ಹಚ್ಚದೆ ಕಾಗದವನ್ನೇ ಖಾಲಿ ಬಿಡಿ. ಬಾಲದ ಬುಡದ ಕೆಂಪು ಎಲ್ಲ ಮುಗಿದ ಮೇಲೆ ಒಂದೇ ಸಲ, ಶುದ್ಧ ನೀರಿನಲ್ಲಿ ತೊಳೆದ ಬ್ರಷ್‌ನಿಂದ ಹಚ್ಚಿ.

ಬಣ್ಣ ಬೇಗ ಒಣಗದಿರಲು ಉಪಾಯ: 300 ಜಿಎಸ್ಎಂನ ದಪ್ಪ ಕಾಗದ ತೆಗೆದುಕೊಳ್ಳಿ, ಎರಡೂ ಬದಿ ನೀರು ಸವರಿ ಪ್ಲಾಸ್ಟಿಕ್ ಹಲಗೆ ಮೇಲೆ ಅಂಟಿಸಿ. ಕೆಳಗಿನ ಬದಿಯ ಹಸಿ ಬೇಗ ಆರುವುದಿಲ್ಲ. ಬಣ್ಣದ ನೀರಿಗೆ ಗ್ಲಿಸರಿನ್ ಒಂದೆರಡು ಹನಿ ಹಾಕಬಹುದು, ಜಾಸ್ತಿ ಹಾಕಿದರೆ ಚಿತ್ರ ಅಂಟಂಟಾಗಿ ಉಳಿಯುತ್ತದೆ. ಫ್ಯಾನ್ ಆರಿಸಿ. ಬೆಳಿಗ್ಗೆ 9ರೊಳಗೆ ದೊಡ್ಡ ಜಾಗಗಳಿಗೆ ಬಣ್ಣ ಹಚ್ಚಿ ಮುಗಿಸಿ, ಮಧ್ಯಾಹ್ನ ಸಣ್ಣ ಕೆಲಸ ಇಟ್ಟುಕೊಳ್ಳಿ.

ಗೀಜಗ (ಇಂಡಿ):

ಹಕ್ಕಿ ಗೂಡು ಬಿಡುತ್ತದಾ ಅಂತ ಕೇಳಿದ್ದಕ್ಕೆ ಉತ್ತರ. ಕಿಟಕಿ ಒಳಗೆ ಕೂತರೆ ಏನೂ ಆಗುವುದಿಲ್ಲ ಅಕ್ಕಾರೆ, ನೀವು ಅಲ್ಲಿ ದಿನಾ ಓಡಾಡುವುದನ್ನು ನೋಡಿಯೇ ಅದು ಆ ಜಾಗ ಆರಿಸಿದೆ. ತೆಳು ಪರದೆ ಎಳೆದುಕೊಂಡು ಸಂದಿಯಿಂದ ನೋಡಿದರೆ ಇನ್ನೂ ಒಳ್ಳೆಯದು. ಹಿತ್ತಲಿಗೆ ಇಳಿದು ಹತ್ತಿರ ಹೋಗುವುದು ಮಾತ್ರ ಬೇಡ. ಬಳ್ಳಿ ಕತ್ತರಿಸಬೇಡಿ, ಗೂಡು ಚೆನ್ನಾಗಿ ಕಾಣಲಿ ಅಂತ ಎಲೆ ಸರಿಸಬೇಡಿ. ಆ ಎಲೆಗಳೇ ಅದಕ್ಕೆ ಮರೆ. ನಾವು ಹೋಗಿ ಇಣುಕಿದ ಜಾಗವನ್ನು ಕಾಗೆ, ಕೆಂಬೂತ ನೋಡಿಕೊಂಡಿರುತ್ತವೆ, ಬೆಕ್ಕು ನಮ್ಮ ಹಿಂದೆಯೇ ಬರುತ್ತದೆ. ಫ್ಲಾಶ್ ಹಾಕಿ ಫೋಟೋ ಬೇಡ.

ಗುರುತು ಒಂದು ನೆನಪಿಡಿ. ಬಾಯಲ್ಲಿ ಹುಳ ಹಿಡಿದುಕೊಂಡ ಹಕ್ಕಿ ಗೂಡಿಗೆ ಹೋಗದೆ ತಂತಿ ಮೇಲೆ ಕೂತು ಕಿರಿಚುತ್ತಿದ್ದರೆ ನೀವು ಬಹಳ ಹತ್ತಿರ ಇದ್ದೀರಿ, ತಕ್ಷಣ ಹಿಂದೆ ಸರಿಯಿರಿ.

ಲೆಕ್ಕ ಹೇಳಬೇಕೆಂದರೆ, ಬುಲ್ಬುಲ್ 2 ಅಥವಾ 3 ಮೊಟ್ಟೆ ಇಡುತ್ತದೆ, ಸುಮಾರು 14 ದಿನಕ್ಕೆ ಒಡೆಯುತ್ತವೆ, ಅಲ್ಲಿಂದ ಇನ್ನು 12 ದಿನದ ಆಸುಪಾಸಿನಲ್ಲಿ ಮರಿ ಗೂಡು ಬಿಡುತ್ತದೆ. ಬಹಳ ಬೇಗ ಮುಗಿದುಹೋಗುತ್ತದೆ, ದಿನಾ ಸ್ವಲ್ಪವಾದರೂ ಬರೆಯಿರಿ. ಮರಿಗೆ ಉಣಿಸುವಾಗ ಒಂದು ಸಂಗತಿ ಗಮನಿಸಿ. ಹುಳ ನುಂಗಿದ ಮರಿ ಹಿಂದಕ್ಕೆ ತಿರುಗಿ ಬುಡ ಎತ್ತುತ್ತದೆ, ಬಿಳಿ ಚೀಲದ ಹಾಗೆ ಹಿಕ್ಕೆ ಬರುತ್ತದೆ, ದೊಡ್ಡ ಹಕ್ಕಿ ಅದನ್ನು ಕೊಕ್ಕಿನಲ್ಲಿ ಎತ್ತಿಕೊಂಡು ದೂರ ಹೋಗಿ ಬಿಸಾಡುತ್ತದೆ. ಗೂಡು ಅಷ್ಟು ಚೊಕ್ಕ ಇರುವುದು ಇದರಿಂದ. ಎಷ್ಟು ಸಲ ನೋಡಿದರೂ ನನಗೆ ಸಾಕು ಅನಿಸಿಲ್ಲ.

ನೀರಿನ ತಟ್ಟೆ ಇಡುವುದಿದ್ದರೆ ಗೂಡಿನಿಂದ ದೂರ ಇಡಿ, ಇಲ್ಲದಿದ್ದರೆ ಕಾಗೆ ಅಲ್ಲಿಗೇ ಬರುತ್ತದೆ. ದಾಸವಾಳ ಇದೆ ಅಂದಿರಿ, ಸೂರಕ್ಕಿ ಬಂದೇ ಬರುತ್ತದೆ. ನುಗ್ಗೆ ಒಂದು ಹಚ್ಚಿದರೆ ಅದರ ಹೂವಿಗೆ ಮತ್ತಷ್ಟು ಬರುತ್ತವೆ. ಕರಿಬೇವಿನ ಹಣ್ಣು ಕೀಳಬೇಡಿ, ಬುಲ್ಬುಲ್‌ಗೆ ಅದು ಬಹಳ ಇಷ್ಟ. ಮರಿ ಇರುವಾಗ ಗಿಡಕ್ಕೆ ಔಷಧಿ ಹೊಡೆಯಲೇಬೇಡಿ. ಲಿಂಬೆ ಎಲೆ ತಿನ್ನುವ ಹಸಿರು ಹುಳ ಇದ್ದರೆ ಇರಲಿ, ಅದೇ ಮರಿಗಳ ಊಟ.

ಹಳೇ ವಿಜಾಪುರ:

ಒಂದು ಸಂತೋಷದ ಮಾತು ಸೇರಿಸುತ್ತೇನೆ. ಹಕ್ಕಿ, ಹೂವು, ಬಣ್ಣ ಮೂರೂ ಕೂಡಿದ ಚಿತ್ರ ನಮ್ಮೂರಿಗೆ ಹೊಸದಲ್ಲ. ನಮ್ಮೂರಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580 ರಿಂದ 1627) ಚಿತ್ರಕಾರರನ್ನು ಇಟ್ಟುಕೊಂಡು ಬಹಳ ಕೆಲಸ ಮಾಡಿಸಿದ. ಆ ಕಾಲದ ಒಂದು ಬಿಜಾಪುರ ಚಿತ್ರದಲ್ಲಿ ಯೋಗಿನಿಯೊಬ್ಬಳು ಗೊರವಂಕವನ್ನು ಕೈಮೇಲೆ ಕೂರಿಸಿಕೊಂಡು ಮುಖದ ಹತ್ತಿರ ಹಿಡಿದಿದ್ದಾಳೆ. ಅಕ್ಕಪಕ್ಕದ ಹೂಗಳು ಅಳತೆ ಮೀರಿ ದೊಡ್ಡವು. ಈಗ ಅದು ಐರ್ಲೆಂಡಿನ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ, ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ. ನೋಡಲೇಬೇಕು ಅಕ್ಕಾರೆ. ಹೂವು ಇಷ್ಟೇ ಇರಬೇಕು ಅಂತ ಆ ಚಿತ್ರಕಾರ ಅಂದುಕೊಳ್ಳಲಿಲ್ಲ, ಮನಸ್ಸಿಗೆ ಎಷ್ಟು ದೊಡ್ಡದು ಕಂಡಿತೋ ಅಷ್ಟು ಬರೆದ. ನಿಮ್ಮ ಮಲ್ಲಿಗೆಯನ್ನೂ ಹಾಗೆ ದೊಡ್ಡದು ಮಾಡಬಹುದು. ನಮ್ಮೂರ ಹತ್ತಿರದ ಕುಮಟಗಿಯ ನೀರಿನ ಮಂಟಪಗಳ ಗೋಡೆ ಮೇಲೂ ಹಳೆಯ ಚಿತ್ರಗಳು ಮಾಸಿಕೊಂಡು ಉಳಿದಿವೆ, ಒಮ್ಮೆ ಹೋಗಿ ಬನ್ನಿ.

ದುಂಡುಮಲ್ಲಿಗೆ (ವಿಜಯಪುರ):

ಎಲ್ಲರಿಗೂ ಬಹಳ ಧನ್ಯವಾದ ರೀ. ಕುಂಚ ಸರ್ ಹೇಳಿದ ಹಾಗೆ ನೀಲಿಗೆ ಕಂದು ಕಲಸಿ ನೋಡಿದೆ, ತಲೆಯ ಕಪ್ಪಿನಲ್ಲಿ ಹೊಳಪು ಬಂತು. ಖುಷಿಯಾಗಿ ಪಕ್ಕದ ಮನೆಯವರನ್ನು ಕರೆದು ತೋರಿಸಿದೆ. ಆ ಯೋಗಿನಿ ಚಿತ್ರವನ್ನೂ ಮಗಳು ಫೋನ್‌ನಲ್ಲಿ ತೆಗೆದು ಕೊಟ್ಟಳು, ನೋಡುತ್ತಾ ಚಹಾ ಆರಿಹೋಯಿತು. ಗೀಜಗ ಅಣ್ಣಾರೆ, ಇನ್ನೊಂದು ಪ್ರಶ್ನೆ. ಮರಿ ಹಾರಿದ ಮೇಲೆ ಗೂಡನ್ನು ಒಳಗೆ ತಂದು ಟೇಬಲ್ ಮೇಲಿಟ್ಟು ಬರೆಯಬಹುದಾ?

ಗೀಜಗ (ಇಂಡಿ):

ಬೇಡ ಅಕ್ಕಾರೆ, ಅಲ್ಲೇ ಇರಲಿ. ಬುಲ್ಬುಲ್ ಒಂದೇ ವರ್ಷದಲ್ಲಿ ಮತ್ತೆ ಮೊಟ್ಟೆ ಇಡುತ್ತದೆ, ಹತ್ತಿರದಲ್ಲೇ ಹೊಸ ಗೂಡು ಕಟ್ಟಿದರೂ ಕಟ್ಟೀತು. ಬಿಟ್ಟ ಗೂಡಿನ ನಾರನ್ನು ಬೇರೆ ಹಕ್ಕಿಗಳೂ ಒಯ್ಯುತ್ತವೆ. ಹಕ್ಕಿಗಳಿರುವ ಗೂಡಿಗೆ ಕೈ ಹಚ್ಚುವುದಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಮರಿ ಹೋದ ಮೇಲೆ ಸ್ಟೂಲ್ ಹಾಕಿಕೊಂಡು ಬಳ್ಳಿಯ ಹತ್ತಿರವೇ ಕೂತು ಬರೆಯಿರಿ, ಆಗ ಯಾರಿಗೂ ತೊಂದರೆ ಇಲ್ಲ. ಬರೆದದ್ದನ್ನು ಇಲ್ಲಿ ಹಾಕಿ, ಅರ್ಧ ಬರೆದು ಬಿಟ್ಟ ಹಾಳೆಗಳನ್ನೂ ಹಾಕಿ.