ಓದುಗರ ಸ್ಪಂದನ: ಸಾಲ ತೀರಿಸೋಕೆ ಸಾಲ ಕೇಳಿದರೆ ಬ್ಯಾಂಕು ಬೇಡ ಅಂತು

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರು ತಮ್ಮ ಕಷ್ಟ ಬರೆದಿದ್ದರು. ಎರಡು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್, ಒಂದು ಆ್ಯಪ್ ಸಾಲ, ಒಟ್ಟು 4 ಲಕ್ಷ 80 ಸಾವಿರ. ಎಲ್ಲ ಸೇರಿಸಿ ಒಂದೇ ಸಾಲ ಮಾಡಿಕೊಂಡು ಒಂದೇ ಕಂತು ಕಟ್ಟೋಣ ಅಂತ ಮೂರು ಬ್ಯಾಂಕಿಗೆ ಹೋಗಿದ್ದಾರೆ. ಸಿಬಿಲ್ ಸ್ಕೋರ್ (ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದೀರಿ ಎಂದು ನೋಡಿ ಕೊಡುವ ಅಂಕ) 588 ನೋಡಿ ಮೂರೂ ಕಡೆ ಆಗಲ್ಲ ಅಂದಿದ್ದಾರೆ. 'ಇನ್ನು ನನಗೆ ಸಾಲ ಕೊಡೋರು ಯಾರು?' ಎಂಬುದು ಅವರ ಪ್ರಶ್ನೆ. ಹೆಂಡತಿಗೆ ಇದ್ಯಾವುದೂ ಗೊತ್ತಿಲ್ಲ ಎಂದು ಕೊನೆಯಲ್ಲಿ ಸೇರಿಸಿದ್ದರು.

•

ನಾಲ್ಕನೇ ಬ್ಯಾಂಕಿಗೆ ಹೋಗಬೇಡಿ. ನೀವು ಅರ್ಜಿ ಹಾಕಿದಾಗಲೆಲ್ಲ ಅದು ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನಿಮ್ಮ ಸಾಲಗಳ ದಾಖಲೆಯಲ್ಲಿ, ಸೇರುತ್ತದೆ. ಮೇಲಿಂದ ಮೇಲೆ ಅರ್ಜಿ ಕಂಡರೆ ಬ್ಯಾಂಕಿನವರಿಗೆ ಅನುಮಾನ ಜಾಸ್ತಿ. ಮೊದಲು ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ತೀರಿದ ಸಾಲ ಬಾಕಿ ಅಂತಲೇ ಕೂತಿರೋದನ್ನು ನನ್ನ ಸರ್ವೀಸಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ತಪ್ಪಿದ್ದರೆ ಆ ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.
— ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

•

ಸಾಲ ತೀರಿಸೋಕೆ ಮತ್ತೆ ಸಾಲವೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು. ಕಾರ್ಡ್ ಎರಡನ್ನೂ ಕತ್ತರಿಸಿ ಬಿಸಾಕಿ.
— ಹಾವೇರಿ

(ಕಾರ್ಡ್ ಕತ್ತರಿಸಿದರೆ ಹೊಸ ಖರ್ಚು ನಿಲ್ಲುತ್ತದೆ. ಹಳೇ ಬಾಕಿಗೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮುಂದಿನ ಪತ್ರ ಉದ್ದ ಇದೆ. ಅದರಲ್ಲಿ ಒಂದು ಮಾತನ್ನೂ ತೆಗೆಯಲು ಮನಸ್ಸಾಗಲಿಲ್ಲ. — ಸಂ.)

•

ನಿಮ್ಮ ಪತ್ರ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಏಳು ವರ್ಷದ ಹಿಂದೆ ನಾನೂ ಹೀಗೇ ಒಂದು ಬ್ಯಾಂಕಿನಲ್ಲಿ ಕೂತಿದ್ದೆ. ಮ್ಯಾನೇಜರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, 'ಮೇಡಂ, ಒಂದು ಟ್ರ್ಯಾಕ್ಟರ್ ಸಾಲ ಸುಸ್ತಿ ತೋರಿಸ್ತಾ ಇದೆ' ಅಂದರು. ನಾನು ತಮ್ಮನ ಸಾಲಕ್ಕೆ ಜಾಮೀನು ಹಾಕಿದ್ದೆ. ಎರಡು ವರ್ಷ ಮಳೆ ಕೈಕೊಟ್ಟು ಅವನು ಕಂತು ನಿಲ್ಲಿಸಿದ್ದ, ನನಗೆ ಹೇಳಿರಲಿಲ್ಲ. ಜಾಮೀನು ಹಾಕಿದವರ ರಿಪೋರ್ಟಿಗೂ ಅದು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸ್ಯಾಲರಿ ಸ್ಲಿಪ್, ಆಧಾರ್ ಜೆರಾಕ್ಸ್ ಎಲ್ಲ ಕವರಿಗೆ ವಾಪಸ್ ಹಾಕುವಾಗ ಕೈ ನಡುಗಿ ಪಿನ್ನು ಬೆರಳಿಗೆ ಚುಚ್ಚಿತು.

ಆಗ ನನ್ನ ಕಾರ್ಡಿನಲ್ಲೇ 1 ಲಕ್ಷ 10 ಸಾವಿರ ಬಾಕಿ ಇತ್ತು. ಮಗನ ಆಪರೇಷನ್‌ಗೆ ಉಜ್ಜಿದ್ದು. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ, ಅದರ ಮೇಲೆ ಜಿಎಸ್‌ಟಿ. ಮಿನಿಮಮ್ ಅಂತ 5,500 ಕಟ್ಟಿದರೆ 4,500 ಅದಕ್ಕೇ ಹೋಗೋದು. ಯಜಮಾನರಿಗೆ ಹೇಳಲಿಲ್ಲ. ಎಂಟು ತಿಂಗಳು ಮುಚ್ಚಿಟ್ಟೆ.

ಗೌರಿ ಹಬ್ಬದ ದಿನ ಬಾಗಿನ ಜೋಡಿಸುತ್ತಿದ್ದೆ. ವಸೂಲಿಯವರು ಬಾಗಿಲಿಗೆ ಬಂದು, ಅತ್ತೆಯ ಎದುರಿಗೇ ಬಾಕಿ ಎಷ್ಟು ಅಂತ ಕೂಗಿ ಹೇಳಿದರು. ಯಜಮಾನರು ತುಟಿ ಬಿಚ್ಚಲಿಲ್ಲ. ರಾತ್ರಿ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿ ತಿರುಗಿಸಿ, 'ಬರಿ' ಅಂತ ಪೆನ್ನು ಕೊಟ್ಟರು. ಒಂದೊಂದೇ ಬರೆದೆ. ಅವರಿಗೆ ಸಾಲಕ್ಕಿಂತ ಆ ಎಂಟು ತಿಂಗಳೇ ನೋವಾಗಿತ್ತು. ಈಗಲೂ ನನ್ನ ಫೋನಿಗೆ ಬ್ಯಾಂಕಿನ ಮೆಸೇಜ್ ಬಂದರೆ ಒಮ್ಮೆ ನನ್ನ ಮುಖ ನೋಡುತ್ತಾರೆ.

ಕಾರ್ಡಿನವರು 'ಅರವತ್ತು ಸಾವಿರ ಕೊಡಿ, ಸೆಟಲ್ ಮಾಡ್ತೀವಿ' ಅಂದರು. ನಾವು ಒಪ್ಪಲಿಲ್ಲ. ಹಾಗೆ ಮಾಡಿದರೆ ರಿಪೋರ್ಟಿನಲ್ಲಿ 'ಸೆಟಲ್ಡ್' (ಕಡಿಮೆ ಕೊಟ್ಟು ಮುಗಿಸಿದ್ದು) ಅಂತ ಉಳಿಯುತ್ತದೆ, 'ಕ್ಲೋಸ್ಡ್' (ಪೂರ್ತಿ ತೀರಿದ್ದು) ಅಂತ ಬರಲ್ಲ. ನನ್ನ ಎರಡೆಳೆ ಸರ ಅಡವಿಟ್ಟು ಪೂರ್ತಿ ಕಟ್ಟಿದೆವು. ಚಿನ್ನ ಇದ್ದಿದ್ದರಿಂದ ಸ್ಕೋರಿನ ಮಾತು ಬರಲಿಲ್ಲ, ಬಡ್ಡಿಯೂ ಕಾರ್ಡಿನ ಕಾಲು ಭಾಗ. ತಮ್ಮ ಟ್ರ್ಯಾಕ್ಟರ್ ಮಾರಿ ತನ್ನ ಸಾಲ ತೀರಿಸಿದ. ಒಂದು ವರ್ಷ ಅವನೂ ನಾನೂ ಮಾತಾಡಲಿಲ್ಲ. ಎರಡೂವರೆ ವರ್ಷಕ್ಕೆ ಸ್ಕೋರ್ 731ಕ್ಕೆ ಬಂತು. ಸರ ಬಿಡಿಸಿಕೊಂಡು ಬಂದ ದಿನ ಪಾಯಸ ಮಾಡಿ ಅವನನ್ನೂ ಊಟಕ್ಕೆ ಕರೆದೆ.

ಇವತ್ತು ಊಟ ಆದ ಮೇಲೆ ನಿಮ್ಮ ಮನೆಯವರಿಗೆ ಹೇಳಿಬಿಡಿ. ವಸೂಲಿಯವರ ಬಾಯಿಂದ ಅವರು ಕೇಳೋ ಹಾಗೆ ಆಗಬಾರದು.
— ಶಿಕ್ಷಕಿ, ಅರಸೀಕೆರೆ

•

ಆ್ಯಪ್ ಸಾಲ ಮೊದಲು ಮುಗಿಸಿ ಸರ್. ನಾನು ಒಂದು ಕಂತು ತಪ್ಪಿದ್ದಕ್ಕೆ ನನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಮೆಸೇಜ್ ಹಾಕಿದರು. ನನ್ನ ಮಗಳ ಟೀಚರ್‌ಗೂ ಹೋಗಿತ್ತು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ, ಇದು ಆರ್‌ಬಿಐ ನಿಯಮ. ದೂರು ಕೊಡೋದು ಹೇಗೆ ಅಂತ ಆರ್‌ಬಿಐನವರ 14448ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ.
— ಆಟೊ ಚಾಲಕ, ಬೆಂಗಳೂರು

•

ನಾನು ಹುಟ್ಟಿದಾಗಿನಿಂದ ಸಾಲ ಮಾಡಿಲ್ಲ. ನನಗೂ ಕೊಡಲಿಲ್ಲ. ಸ್ಕೋರೇ ಇಲ್ಲವಂತೆ! ಸ್ಕೋರ್ ಬರಲಿ ಅಂತ ಎಫ್‌ಡಿ ಇಟ್ಟು, ಅದರ ಮೇಲೆ ಸಣ್ಣ ಕಾರ್ಡ್ ತಗೊಂಡು, ತಿಂಗಳು ತಿಂಗಳು ಪೂರ್ತಿ ಕಟ್ಟುತ್ತಿದ್ದೇನೆ.
— ಪುತ್ತೂರು

(ದಾವಣಗೆರೆಯ ಓದುಗರಿಗೆ: ಯಾವ ಸಾಲಕ್ಕೆ ಎಷ್ಟು ಬಡ್ಡಿ ಎಂದು ನೀವು ಬರೆದಿರಲಿಲ್ಲ. ಪಟ್ಟಿ ಮಾಡಿ ಕಳಿಸಿದರೆ, ಯಾವುದನ್ನು ಮೊದಲು ತೀರಿಸಬೇಕು ಎಂದು ಶಿವಮೊಗ್ಗದ ಅಧಿಕಾರಿಗಳು ನೋಡಿ ಹೇಳುತ್ತಾರೆ. ಪಟ್ಟಿ ಬರೆಯಲು ನಿಮ್ಮ ಜೊತೆ ಇನ್ನೊಬ್ಬರು ಕೂತರೆ ನಮಗೆ ಸಂತೋಷ. — ಸಂ.)